ಅನ್ನ, ಹಣ್ಣು ಮತ್ತು ಒಂದು ನಿಷೇಧದ ಚರಿತ್ರೆ



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕಳೆದ ತಿಂಗಳು ಮನೆಗೆ ಬಂದಿದ್ದರು. ಊಟ ಮುಗಿಯುವ ಹೊತ್ತಿಗೆ ನನ್ನ ಪತ್ನಿ ತಟ್ಟೆಯಲ್ಲಿ ಬಾಳೆಹಣ್ಣನ್ನು ತಂದಿಟ್ಟಾಗ ಅವರು ಕೈ ಹಿಂದೆಗೆದು, "ಬೇಡ ಅಮ್ಮ, ಅನ್ನದ ಜೊತೆ ಹಣ್ಣು ತಿನ್ನಬಾರದಂತೆ. ಸಕ್ಕರೆ ಏರುತ್ತದಂತೆ. ನನಗೆ ಈಗ ತಾನೇ ಶುರುವಾಗಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹೌದಲ್ಲವೇ ಮೇಷ್ಟ್ರೆ?" ಎಂದು ಕೇಳಿದರು. ನಾನು ಒಡನೆ ಉತ್ತರ ಕೊಡಲಿಲ್ಲ. ಆ ಮಾತನ್ನು ಇಪ್ಪತ್ತೈದು ವರ್ಷಗಳ ಹಿಂದೆ ಅದೇ ಜಗಲಿಯಲ್ಲಿ, ಅಷ್ಟೇ ನಿಶ್ಚಯದಿಂದ ಆಡಿದವನು ನಾನೇ ಆಗಿದ್ದೆ. ಅಂದು ಅದನ್ನು ಕೇಳಿಸಿಕೊಂಡವರು ನನ್ನ ತಾಯಿ.

ತಾಯಿಯವರಿಗೆ ೧೯೯೬ರಲ್ಲಿ ಮಧುಮೇಹ ಕಾಣಿಸಿಕೊಂಡಿತು. ಮಧ್ಯಾಹ್ನದ ಊಟದ ಕೊನೆಗೆ ಮೊಸರನ್ನದೊಡನೆ ಒಂದು ಪುಟ್ಟಬಾಳೆಹಣ್ಣನ್ನು ತಿನ್ನುವುದು ಅವರ ಬಾಲ್ಯದಿಂದ ಬಂದ ರೂಢಿ. ವೈದ್ಯರು ಸಿಹಿತಿಂಡಿ ಬಿಡಿ, ಅನ್ನ ಕಡಿಮೆ ಮಾಡಿ ಎಂದಿದ್ದರೇ ಹೊರತು ಆ ಒಂದು ಹಣ್ಣಿನ ವಿಷಯದಲ್ಲಿ ಕಟ್ಟುನಿಟ್ಟು ಮಾಡಿರಲಿಲ್ಲ. ನಿಷೇಧವನ್ನು ತಂದವನು ನಾನು. ಪುಸ್ತಕಮೇಳವೊಂದರಲ್ಲಿ ಕೊಂಡ ಆಹಾರಪದ್ಧತಿಯ ಕಿರುಹೊತ್ತಗೆಯೊಂದರಲ್ಲಿ, ಹಣ್ಣನ್ನೂ ಪಿಷ್ಟಪದಾರ್ಥವನ್ನೂ ಒಟ್ಟಿಗೆ ತಿಂದರೆ ಪಿಷ್ಟವು ಜೀರ್ಣವಾಗದೆ ಹೊಟ್ಟೆಯಲ್ಲಿ ಹುದುಗುತ್ತದೆ, ರಕ್ತದ ಸಕ್ಕರೆಯೂ ಕೆಡುತ್ತದೆ ಎಂದು ಬರೆದಿತ್ತು. ಓದಿದವನೆಂಬ ಹಮ್ಮಿನಿಂದ ನಾನದನ್ನು ಮನೆಯಲ್ಲಿ ಜಾರಿಗೆ ತಂದೆ. ಹಣ್ಣು ತಿನ್ನುವುದಾದರೆ ಬರಿಯ ಹೊಟ್ಟೆಯಲ್ಲಿ, ಊಟಕ್ಕೆ ಮೂರು ಗಂಟೆ ಮೊದಲು ಎಂದು ವಿಧಿಸಿದೆ. ತಾಯಿ ವಾದಿಸಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಣ್ಣು ತಿನ್ನಲು ಮನಸ್ಸಾಗದೆ ಅದನ್ನು ಬಿಟ್ಟೇಬಿಟ್ಟರು. ೨೦೦೫ರಲ್ಲಿ ತೀರಿಕೊಳ್ಳುವವರೆಗೂ ಹಾಗೆಯೇ ನಡೆಯಿತು.

ಚರಿತ್ರೆಯನ್ನು ಕಲಿಸಿದವನಾದ ನಾನು ಆ ಮಾತು ಎಲ್ಲಿಂದ ಬಂತು, ಯಾರು ಹೇಳಿದರು, ಯಾವ ಆಧಾರದಿಂದ ಹೇಳಿದರು ಎಂಬ ಮೂರು ಪ್ರಶ್ನೆಗಳನ್ನು ಅಂದು ಕೇಳಲಿಲ್ಲ. ತರಗತಿಯಲ್ಲಿ ನಿಮಗೆಲ್ಲ ಹತ್ತಾರು ಬಾರಿ ಹೇಳಿದ ಪ್ರಶ್ನೆಗಳವು. ನಿವೃತ್ತಿಯ ನಂತರ ನನಗೂ ಮಧುಮೇಹ ಬಂದಾಗ ಬಿಡುವು ಮಾಡಿಕೊಂಡು ಹುಡುಕಿದೆ. ದೊರೆತುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಹಾರಗಳ ಹೊಂದಾಣಿಕೆಯ ವಿಚಾರ ನಮ್ಮವರಿಗೆ ಹೊಸದೇನಲ್ಲ. ಹುಳಿಹಣ್ಣುಗಳನ್ನು ಹಾಲಿನೊಡನೆ ಸೇವಿಸುವುದು ವಿರುದ್ಧಾಹಾರವೆಂಬ ಮಾತು ಚರಕಸಂಹಿತೆಯಲ್ಲಿದೆ. ಆದುದರಿಂದ ಅನ್ನದೊಡನೆ ಹಣ್ಣು ಬೇಡವೆಂದಾಗ ಅದೂ ನಮ್ಮ ಹಿರಿಯರ ಮಾತೇ ಇರಬೇಕೆಂದು ನಾವು ಸುಲಭವಾಗಿ ಒಪ್ಪಿಬಿಡುತ್ತೇವೆ. ಆದರೆ ನಾನು ಓದಿದ ಹೊತ್ತಗೆಯಲ್ಲಿದ್ದ ವಾದ, ಅಂದರೆ ಆಮ್ಲವು ಜೊಲ್ಲಿನ ಕೆಲಸವನ್ನು ಕೆಡಿಸುತ್ತದೆಂಬ ವಾದ, ಇಪ್ಪತ್ತನೆಯ ಶತಮಾನದ ಅಮೆರಿಕದಿಂದ ಬಂದದ್ದು.

ಅಲ್ಲಿ ವಿಲಿಯಂ ಹೊವಾರ್ಡ್ ಹೇ ಎಂಬ ವೈದ್ಯರಿದ್ದರು (೧೮೬೬–೧೯೪೦). ಪಿಷ್ಟ ಜೀರ್ಣವಾಗಲು ಕ್ಷಾರದ ವಾತಾವರಣ ಬೇಕು, ಪ್ರೋಟೀನು ಜೀರ್ಣವಾಗಲು ಆಮ್ಲ ಬೇಕು, ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ, ದೇಹದಲ್ಲಿ ಆಮ್ಲತೆ ಹೆಚ್ಚಿ ರೋಗಗಳು ಹುಟ್ಟುತ್ತವೆ ಎಂಬುದು ಅವರ ಸಿದ್ಧಾಂತ. ೧೯೨೯ರಲ್ಲಿ 'ಹೆಲ್ತ್ ವಯಾ ಫುಡ್' ಎಂಬ ಪುಸ್ತಕದ ಮೂಲಕ ಅದನ್ನು ಪ್ರಚಾರ ಮಾಡಿದರು. ಹುಳಿಹಣ್ಣುಗಳನ್ನು ಪಿಷ್ಟದೊಡನೆ ತಿನ್ನಬಾರದೆಂಬುದು ಅದರ ಒಂದು ಭಾಗ. ಅವರ ನಂತರ ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಹರ್ಬರ್ಟ್ ಶೆಲ್ಟನ್ ಅವರು ೧೯೫೧ರಲ್ಲಿ 'ಫುಡ್ ಕಂಬೈನಿಂಗ್ ಮೇಡ್ ಈಸಿ' ಎಂಬ ಪುಸ್ತಕ ಬರೆದು ನಿಯಮಗಳನ್ನು ಇನ್ನೂ ಬಿಗಿಗೊಳಿಸಿದರು. ಆಮ್ಲವೂ ಪಿಷ್ಟವೂ ಬೇರೆ ಬೇರೆ ಊಟದಲ್ಲಿರಬೇಕು, ಸಕ್ಕರೆಯೂ ಪಿಷ್ಟವೂ ಬೇರೆ ಬೇರೆ ಊಟದಲ್ಲಿರಬೇಕು ಎಂದರು. ಹೀಗೆ ಹುಳಿಹಣ್ಣಿನ ಜೊತೆಗೆ ಸಿಹಿಹಣ್ಣೂ ಊಟದ ತಟ್ಟೆಯಿಂದ ಹೊರಬಿತ್ತು. ಬ್ರಿಟನ್ನಿನಲ್ಲಿ ಡೋರಿಸ್ ಗ್ರಾಂಟ್ ಮತ್ತು ಜೀನ್ ಜಾಯ್ಸ್ ಅವರ ೧೯೮೪ರ ಪುಸ್ತಕವು ಹೇ ಪದ್ಧತಿಗೆ ಮರುಜೀವ ಕೊಟ್ಟಿತು.

ಇಲ್ಲಿ ನನ್ನನ್ನು ಬಹಳವಾಗಿ ಚುಚ್ಚಿದ ಸಂಗತಿಯೊಂದಿದೆ. ಹೇ ಪದ್ಧತಿಯ ಪಟ್ಟಿಗಳಲ್ಲಿ ಚೆನ್ನಾಗಿ ಮಾಗಿದ ಬಾಳೆಹಣ್ಣು ಪಿಷ್ಟದೊಡನೆ ತಿನ್ನಬಹುದಾದ ಹಣ್ಣುಗಳ ಸಾಲಿನಲ್ಲಿಯೇ ಇದೆ! ಅಂದರೆ ಆ ಸಿದ್ಧಾಂತದ ಮೂಲದಲ್ಲಿಯೂ ನನ್ನ ತಾಯಿಯ ಬಾಳೆಹಣ್ಣಿಗೆ ನಿಷೇಧವಿರಲಿಲ್ಲ. ಕೈಯಿಂದ ಕೈಗೆ ದಾಟುತ್ತ ನಿಯಮ ಬಿಗಿಯಾಯಿತು, ವಿನಾಯಿತಿ ಕಳೆದುಹೋಯಿತು.

ಇನ್ನು ಆಧಾರದ ವಿಷಯ. ಜೊಲ್ಲುರಸವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆಂಬುದನ್ನು ಜರ್ಮನಿಯ ಲ್ಯೂಕ್ಸ್ ಎಂಬುವರು ೧೮೩೧ರಲ್ಲಿಯೇ ತೋರಿಸಿದ್ದರು. ಆ ಕೆಲಸ ಮಾಡುವ ಕಿಣ್ವವನ್ನು ನಾವೀಗ ಅಮೈಲೇಸ್ ಎನ್ನುತ್ತೇವೆ. ಅದು ಆಮ್ಲವೂ ಕ್ಷಾರವೂ ಅಲ್ಲದ ತಟಸ್ಥ ಸ್ಥಿತಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹುಳಿ ಹೆಚ್ಚಿದರೆ ನಿಂತುಹೋಗುತ್ತದೆ ಎಂಬುದು ನಿಜ. ಶೆಲ್ಟನ್ನರು ಇಷ್ಟನ್ನು ಸರಿಯಾಗಿಯೇ ಹೇಳಿದ್ದರು. ಆದರೆ ಅದರಿಂದ ಪಿಷ್ಟ ಜೀರ್ಣವಾಗದೆ ಕೊಳೆಯುತ್ತದೆಂದು ಅವರು ತೆಗೆದ ತೀರ್ಮಾನ ನಿಲ್ಲುವುದಿಲ್ಲ. ಜಠರವನ್ನು ದಾಟಿ ಸಣ್ಣಕರುಳಿಗೆ ಬಂದ ಆಹಾರಕ್ಕೆ ಮೇದೋಜೀರಕ ಗ್ರಂಥಿಯಿಂದ ಮತ್ತೊಮ್ಮೆ ಅಮೈಲೇಸ್ ಧಾರಾಳವಾಗಿ ಒದಗುತ್ತದೆ. ಅಲ್ಲಿ ಜಠರದ ಆಮ್ಲವೂ ಶಮನವಾಗಿರುತ್ತದೆ. ಜೊಲ್ಲು ಬಿಟ್ಟ ಕೆಲಸವನ್ನು ಕರುಳು ಪೂರೈಸುತ್ತದೆ. ಅಲ್ಲದೆ, ಪಿಷ್ಟವನ್ನೂ ಸಕ್ಕರೆಯನ್ನೂ ಬೆರೆಸಬಾರದೆನ್ನುವವರು ಬಾಳೆಯ ಗೊನೆಯನ್ನೇ ನೋಡಬೇಕು. ಕಾಯಿಯಲ್ಲಿ ಪಿಷ್ಟವಾಗಿದ್ದುದು ಹಣ್ಣಾಗುತ್ತ ಸಕ್ಕರೆಯಾಗುತ್ತದೆ. ನಡುಹಂತದಲ್ಲಿ ಎರಡೂ ಒಂದೇ ಸಿಪ್ಪೆಯೊಳಗಿರುತ್ತವೆ.

೨೦೦೦ದಲ್ಲಿ ಸ್ವಿಟ್ಜರ್ಲೆಂಡಿನ ಗೊಲೇ ಮತ್ತು ಸಂಗಡಿಗರು ಸ್ಥೂಲಕಾಯದವರಲ್ಲಿ ಈ ಬೇರ್ಪಡಿಸಿದ ಆಹಾರಪದ್ಧತಿಯನ್ನೂ ಅಷ್ಟೇ ಕ್ಯಾಲೊರಿಯ ಸಾಮಾನ್ಯ ಮಿಶ್ರ ಆಹಾರವನ್ನೂ ಹೋಲಿಸಿ ನೋಡಿದರು. ಆರು ವಾರಗಳ ನಂತರ ಎರಡೂ ಗುಂಪಿನವರ ತೂಕ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿತ್ತು. ಕಡಿಮೆ ತಿಂದದ್ದು ಕೆಲಸ ಮಾಡಿತ್ತು, ಬೇರೆ ಬೇರೆಯಾಗಿ ತಿಂದದ್ದರಿಂದ ಹೆಚ್ಚಿನ ಲಾಭವಾಗಿರಲಿಲ್ಲ.

ಹಾಗಾದರೆ ರಕ್ತದ ಸಕ್ಕರೆಯ ಮಾತೇನು? ಅದಕ್ಕೆ ಅಳತೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಮಧುಮೇಹಿಗಳ ಮೂತ್ರ ಸಿಹಿಯಾಗಿರುತ್ತದೆಂಬುದು ನಮ್ಮ ಪ್ರಾಚೀನ ವೈದ್ಯರಿಗೆ ತಿಳಿದಿತ್ತು. ರೋಗದ ಹೆಸರೇ ಅದನ್ನು ಹೇಳುತ್ತದೆ. ಆ ಸಿಹಿ ಸಕ್ಕರೆಯೇ ಎಂದು, ಅದು ರಕ್ತದಲ್ಲಿಯೂ ಇರುತ್ತದೆಂದು ೧೭೭೬ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್. ಮುಂದೆ ೧೮೭೦–೭೧ರಲ್ಲಿ ಪ್ರಷ್ಯದ ಸೈನ್ಯ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿದಾಗ ನಗರದಲ್ಲಿ ಆಹಾರದ ಕೊರತೆಯಾಯಿತು. ಆಗ ತಮ್ಮ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ಬೂಷಾರ್ಡಾ ಎಂಬ ವೈದ್ಯರು ಗಮನಿಸಿದರು. ತಿನ್ನುವ ಪ್ರಮಾಣಕ್ಕೂ ಸಕ್ಕರೆಗೂ ಇರುವ ಸಂಬಂಧ ಹೀಗೆ ಯುದ್ಧದ ಸಂಕಟದ ನಡುವೆ ಕಣ್ಣಿಗೆ ಬಿತ್ತು. ೧೯೨೨ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುವವರೆಗೂ, ಅರೆಹೊಟ್ಟೆಯ ಪಥ್ಯವೇ ವೈದ್ಯರ ಕೈಯಲ್ಲಿದ್ದ ಮುಖ್ಯ ಉಪಾಯವಾಗಿತ್ತು.

ಆಮೇಲೂ ಬಹುಕಾಲ, ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ, ಪಿಷ್ಟ ನಿಧಾನವಾಗಿ ಸೇರುತ್ತದೆ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು. ೧೯೭೭ರಲ್ಲಿ ಅಮೆರಿಕದ ಫಿಲಿಸ್ ಕ್ರೇಪೊ, ಜೆರಾಲ್ಡ್ ರೀವನ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿದರು. ಆಲೂಗೆಡ್ಡೆಯ ಪಿಷ್ಟ ರಕ್ತದ ಸಕ್ಕರೆಯನ್ನು ಬರಿಯ ಗ್ಲೂಕೋಸಿನಷ್ಟೇ ಏರಿಸಿತು, ಅಕ್ಕಿ ಅಷ್ಟು ಏರಿಸಲಿಲ್ಲ. ಪಿಷ್ಟವೆಲ್ಲ ಒಂದೇ ಅಲ್ಲವೆಂದು ತಿಳಿಯಿತು. ೧೯೮೧ರಲ್ಲಿ, ಇನ್ಸುಲಿನ್ ಹುಟ್ಟಿದ ಅದೇ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ೬೨ ಬಗೆಯ ಆಹಾರಗಳನ್ನು ತಲಾ ಐದರಿಂದ ಹತ್ತು ಆರೋಗ್ಯವಂತರಿಗೆ ತಿನ್ನಿಸಿ, ಎರಡು ಗಂಟೆಗಳ ಕಾಲ ರಕ್ತವನ್ನು ಪರೀಕ್ಷಿಸಿ, ಗ್ಲೂಕೋಸನ್ನು ನೂರೆಂದಿಟ್ಟುಕೊಂಡು ಉಳಿದವಕ್ಕೆ ಅಂಕ ಕೊಟ್ಟರು. ಇದೇ ನೀವು ಈಗ ಬಿಸ್ಕತ್ತಿನ ಪೊಟ್ಟಣದ ಮೇಲೂ ಓದುವ ಗ್ಲೈಸೀಮಿಕ್ ಸೂಚ್ಯಂಕ.

ಈ ಅಂಕ ಒಂಟಿ ಆಹಾರಕ್ಕೆ ಕೊಟ್ಟದ್ದು. ನಾವು ಅನ್ನವನ್ನು ಒಂಟಿಯಾಗಿ ಉಣ್ಣುತ್ತೇವೆಯೇ? ಸಾರು, ಪಲ್ಯ, ಮೊಸರು, ಹಣ್ಣು ಇವೆಲ್ಲ ಸೇರಿದ ಊಟದಲ್ಲಿ ಆ ಅಂಕಕ್ಕೆ ಬೆಲೆ ಉಂಟೇ ಎಂದು ೧೯೮೦ರ ದಶಕದಲ್ಲಿ ದೊಡ್ಡ ಚರ್ಚೆ ನಡೆಯಿತು. ರೀವನ್ನರ ಕಡೆಯವರು ಮಿಶ್ರ ಊಟದಲ್ಲಿ ವ್ಯತ್ಯಾಸ ಅಳಿಸಿಹೋಗುತ್ತದೆಂದರು, ಜೆಂಕಿನ್ಸರ ಕಡೆಯವರು ಉಳಿಯುತ್ತದೆಂದರು. ವಾದ ಪೂರ್ತಿಯಾಗಿ ತೀರಲಿಲ್ಲವಾದರೂ ಒಂದು ಲಾಭವಾಯಿತು. ಯಾವುದರೊಡನೆ ಯಾವುದನ್ನು ತಿಂದರೆ ಏನಾಗುತ್ತದೆಂಬುದನ್ನು ಊಹಿಸದೆ ಅಳೆದೇ ನೋಡಬೇಕೆಂಬ ಮನೋಭಾವ ಬಲವಾಯಿತು.

ಹಣ್ಣಿನ ವಿಷಯದಲ್ಲಿ ಅಂಥ ಅಳತೆ ೧೯೭೭ರಲ್ಲಿಯೇ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ನಡೆದಿತ್ತು. ಕೆನ್ನೆತ್ ಹೀಟನ್ ಮತ್ತು ಸಂಗಡಿಗರು ಹತ್ತು ಮಂದಿಗೆ ಸೇಬನ್ನು ಒಮ್ಮೆ ಇಡಿಯಾಗಿ, ಒಮ್ಮೆ ಅರೆದು, ಒಮ್ಮೆ ರಸವಾಗಿ ಕೊಟ್ಟರು. ಸಕ್ಕರೆಯ ಪ್ರಮಾಣ ಮೂರರಲ್ಲಿಯೂ ಒಂದೇ. ರಸವನ್ನು ಕುಡಿದವರು ಇಡೀ ಹಣ್ಣು ತಿಂದುದಕ್ಕಿಂತ ಹನ್ನೊಂದು ಪಟ್ಟು ವೇಗವಾಗಿ ಮುಗಿಸಿದರು, ಹೊಟ್ಟೆ ಅಷ್ಟು ತುಂಬಿದಂತೆ ಅನಿಸಲಿಲ್ಲ, ಅವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚು ಏರಿತು, ಆಮೇಲೆ ಗ್ಲೂಕೋಸ್ ಮೊದಲಿದ್ದುದಕ್ಕಿಂತಲೂ ಕೆಳಗೆ ಕುಸಿಯಿತು. ಇಡೀ ಸೇಬು ತಿಂದಾಗ ಹಾಗೆ ಕುಸಿಯಲಿಲ್ಲ. ಅದೇ ಸಕ್ಕರೆಯಾದರೂ ಹಣ್ಣಿನ ಮೈಕಟ್ಟಿನೊಳಗೆ ಇದ್ದಾಗ ಅದರ ನಡತೆ ಬೇರೆ.

ಇನ್ನು ಹಣ್ಣಿನ ಜೊತೆಗೆ ಪಿಷ್ಟ. ಹಣ್ಣಿನ ಸಕ್ಕರೆಯಲ್ಲಿ ಬಹುಭಾಗ ಫ್ರಕ್ಟೋಸ್ ಇರುವುದುಂಟು. ೨೦೦೦ದಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ೭೫ ಗ್ರಾಂ ಗ್ಲೂಕೋಸಿಗೆ ಏಳೂವರೆ ಗ್ರಾಂ ಫ್ರಕ್ಟೋಸ್ ಬೆರೆಸಿ ಕುಡಿಸಿದರು. ಸಕ್ಕರೆಯ ಮೇಲೆ ಸಕ್ಕರೆ ಹಾಕಿದರೂ ರಕ್ತದ ಗ್ಲೂಕೋಸ್ ಒಟ್ಟಿನಲ್ಲಿ ಕಡಿಮೆ ಏರಿತು. ಅಲ್ಪ ಪ್ರಮಾಣದ ಫ್ರಕ್ಟೋಸ್ ಯಕೃತ್ತಿನಲ್ಲಿ ಗ್ಲೂಕೋಸನ್ನು ಹಿಡಿದಿಡುವ ಕಿಣ್ವವನ್ನು ಎಚ್ಚರಿಸುತ್ತದೆಂಬುದು ಅದಕ್ಕೆ ಕೊಡುವ ವಿವರಣೆ. ೨೦೦೨ರಲ್ಲಿ ಓಹಾಯೊ ರಾಜ್ಯದವರು ಹತ್ತು ಗ್ರಾಂ ಫ್ರಕ್ಟೋಸನ್ನು ಆಲೂಗೆಡ್ಡೆಯ ಊಟಕ್ಕೆ ಅರ್ಧ ಗಂಟೆ ಅಥವಾ ಒಂದು ಗಂಟೆ ಮೊದಲು ಕೊಟ್ಟಾಗ ಸಕ್ಕರೆಯ ಏರಿಕೆ ಸುಮಾರು ಕಾಲುಭಾಗ ತಗ್ಗಿತು, ಊಟದ ಹೊತ್ತಿಗೇ ಕೊಟ್ಟಾಗ ಆ ಫಲ ಕಾಣಲಿಲ್ಲ.

ನ್ಯೂಜಿಲೆಂಡಿನಲ್ಲಿ ಜಾನ್ ಮನ್ರೊ ಮತ್ತು ಸುಮನ್ ಮಿಶ್ರಾ ಮೊದಲಾದವರು ಗೋಧಿಯ ಉಪಾಹಾರ ಬಿಸ್ಕತ್ತಿನೊಡನೆ ಕಿವಿಹಣ್ಣನ್ನು ಕೊಟ್ಟು ನೋಡಿದರು. ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ಹಣ್ಣಿನಲ್ಲಿರುವಷ್ಟೇ ಸಕ್ಕರೆಯನ್ನು ಬೆರೆಸಿ ಕೊಟ್ಟಾಗಿಗಿಂತ ಹಣ್ಣನ್ನೇ ಕೊಟ್ಟಾಗ ರಕ್ತದ ಸಕ್ಕರೆ ತಗ್ಗಿನಲ್ಲಿತ್ತು. ಹಣ್ಣಿನ ನಾರು ಜಠರದಲ್ಲಿ ನೀರು ಹೀರಿ ಉಬ್ಬಿ, ಎಲ್ಲವನ್ನೂ ಮಂದವಾಗಿಸಿ, ಕರುಳಿನ ಗೋಡೆಗೆ ಗ್ಲೂಕೋಸ್ ತಲುಪುವುದನ್ನು ತಡಮಾಡುತ್ತದೆಂದು ಅವರು ವಿವರಿಸಿದರು. ೨೦೧೯ರಲ್ಲಿ ಚೀನಾದ ಸಂಶೋಧಕರು ನಮ್ಮ ಅನ್ನಕ್ಕೇ ಬಂದರು. ಆರೋಗ್ಯವಂತರಿಗೆ ಅನ್ನದ ಊಟಕ್ಕೆ ಅರ್ಧ ಗಂಟೆ ಮೊದಲು ಸೇಬು ಕೊಟ್ಟು, ಸೇಬಿನಲ್ಲಿರುವಷ್ಟು ಶರ್ಕರಪಿಷ್ಟವನ್ನು ಅನ್ನದಲ್ಲಿ ಕಡಿಮೆ ಮಾಡಿದರು. ಒಟ್ಟು ಪ್ರಮಾಣ ಒಂದೇ ಆಗಿದ್ದರೂ ಬರಿಯ ಅನ್ನ ಉಂಡಾಗಿಗಿಂತ ರಕ್ತದ ಸಕ್ಕರೆಯ ಏರಿಕೆ ಅರ್ಧಕ್ಕಿಳಿಯಿತು.

ಕೊನೆಯದಾಗಿ ಶೆಲ್ಟನ್ನರ ಆಮ್ಲದ ವಾದಕ್ಕೆ ಬರೋಣ. ಫ್ರಾನ್ಸಿನಲ್ಲಿ ೨೦೨೧ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬ್ರೆಡ್ಡಿನೊಡನೆ ನೀರಿನ ಬದಲು ನಿಂಬೆರಸವನ್ನು ಕೊಟ್ಟರು. ಸಕ್ಕರೆಯ ಶಿಖರ ಶೇಕಡಾ ೩೦ರಷ್ಟು ತಗ್ಗಿತು, ಅದು ಬರುವುದೂ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಹುಳಿಯು ಜೊಲ್ಲಿನ ಅಮೈಲೇಸನ್ನು ನಿಲ್ಲಿಸಿ ಪಿಷ್ಟದ ಜೀರ್ಣವನ್ನು ನಿಧಾನಗೊಳಿಸುತ್ತದೆಂಬುದೇ ಇದಕ್ಕೆ ಅವರು ಕೊಟ್ಟ ಕಾರಣ. ಶೆಲ್ಟನ್ನರು ಯಾವುದನ್ನು ದೋಷವೆಂದು ಸಾರಿದರೋ ಅದೇ ಮಧುಮೇಹಿಗೆ ಅನುಕೂಲವೆಂದು ಅಳತೆ ತೋರಿಸಿತು. ಅಂದಹಾಗೆ, ಅಲ್ಲಿ ಕೊಟ್ಟದ್ದು ಕಾಲು ಲೀಟರು ರಸ. ಚಿತ್ರಾನ್ನಕ್ಕೆ ಅರ್ಧ ಹೋಳು ಹಿಂಡಿ ಅದೇ ಫಲವನ್ನು ನಿರೀಕ್ಷಿಸಬಾರದು.

ಇಷ್ಟನ್ನು ಓದಿ ನೀವು ಅನ್ನದ ಮೇಲೆ ನಾಲ್ಕು ಬಾಳೆಹಣ್ಣು ತಿನ್ನಬೇಡಿ. ಈ ಪ್ರಯೋಗಗಳಲ್ಲಿ ಹೆಚ್ಚಿನವು ಕೆಲವೇ ಆರೋಗ್ಯವಂತರ ಮೇಲೆ ನಡೆದವು. ಸೇಬಿನ ಪ್ರಯೋಗದಲ್ಲಿ ಹಣ್ಣಿಗೆ ತಕ್ಕಂತೆ ಅನ್ನವನ್ನು ಇಳಿಸಿದ್ದರೆಂಬುದನ್ನು ಮರೆಯಬಾರದು. ಅನ್ನವನ್ನು ಅಷ್ಟೇ ಉಂಡು ಹಣ್ಣನ್ನು ಮೇಲೆ ಸೇರಿಸಿದರೆ ಲೆಕ್ಕ ಬೇರೆ. ಹಣ್ಣನ್ನು ಹಿಂಡಿ ರಸ ಮಾಡಿದರೂ ಲೆಕ್ಕ ಬೇರೆ. ಅಮೆರಿಕದ ಮೂರು ದೀರ್ಘಕಾಲದ ಅಧ್ಯಯನಗಳ ೧,೮೭,೩೮೨ ಮಂದಿಯ ವಿವರಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಡೀ ಹಣ್ಣುಗಳನ್ನು, ಮುಖ್ಯವಾಗಿ ಬ್ಲೂಬೆರಿ, ದ್ರಾಕ್ಷಿ, ಸೇಬುಗಳನ್ನು ಹೆಚ್ಚು ತಿನ್ನುವವರಿಗೆ ಮಧುಮೇಹದ ಅಪಾಯ ಕಡಿಮೆಯೆಂದೂ ಹಣ್ಣಿನ ರಸವನ್ನು ಹೆಚ್ಚು ಕುಡಿಯುವವರಿಗೆ ಅಪಾಯ ಹೆಚ್ಚೆಂದೂ ಕಂಡುಬಂದಿದೆ. ನಾನು ವೈದ್ಯನಲ್ಲ. ಔಷಧಿ, ಇನ್ಸುಲಿನ್ ತೆಗೆದುಕೊಳ್ಳುವವರು ಪಥ್ಯವನ್ನು ಬದಲಿಸುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ನಾನೂ ಮನೆಯ ಯಂತ್ರದಲ್ಲಿ ಬೆರಳು ಚುಚ್ಚಿ ಕೆಲವು ದಿನ ನೋಡಿಕೊಂಡೆ. ಒಂದೇ ಲೋಟ ಅಕ್ಕಿಯ ಅನ್ನಕ್ಕೆ ಎರಡು ದಿನ ಎರಡು ಬಗೆಯ ಅಂಕಿ ಬಂತು. ಒಬ್ಬನ ಅನುಭವವನ್ನು ನಿಯಮವೆಂದು ಸಾರುವುದು ಎಷ್ಟು ಅವಸರವೆಂಬುದು ಆಗ ಚೆನ್ನಾಗಿ ಮನದಟ್ಟಾಯಿತು.

ಈಗ ತಾಯಿಯ ಮಾತು. ಇದನ್ನೆಲ್ಲ ಓದಿದ ಮೇಲೆ ನನಗೆ ಒಂದು ಸಂಗತಿ ನೆನಪಾಯಿತು. ಅವರು ಮೊಸರನ್ನಕ್ಕೆ ಅನ್ನ ಬಡಿಸಿಕೊಳ್ಳುವಾಗ ಸೌಟನ್ನು ತಡೆದು, "ಸಾಕು, ಹಣ್ಣಿಗೆ ಜಾಗ ಇರಲಿ" ಎನ್ನುತ್ತಿದ್ದರು. ಹಣ್ಣು ತಿನ್ನುವ ದಿನಗಳಲ್ಲಿ ಒಂದು ಹಿಡಿ ಅನ್ನ ಕಡಿಮೆ. ಸಂಶೋಧಕರು ತೂಕದ ತಕ್ಕಡಿಯಿಟ್ಟು ಮಾಡಿದ್ದ ವಿನಿಮಯವನ್ನು ಅವರು ಅಂದಾಜಿನಿಂದ ಮಾಡುತ್ತಿದ್ದರು. ನಾನು ಹಣ್ಣನ್ನು ನಿಲ್ಲಿಸಿದ ಮೇಲೆ ಆ ಮಾತೂ ನಿಂತಿತು, ಆ ಹಿಡಿ ಅನ್ನ ಮತ್ತೆ ತಟ್ಟೆಗೆ ಬಂತು. ಅದರಿಂದ ಅವರ ಆರೋಗ್ಯ ಕೆಟ್ಟಿತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಹಾಗೆ ಹೇಳಿದರೆ ನಾನು ಮತ್ತೆ ಹಳೆಯ ತಪ್ಪನ್ನೇ ಮಾಡಿದಂತಾಗುತ್ತದೆ. ಆದರೆ ಅವರ ಕೊನೆಯ ವರ್ಷಗಳ ಒಂದು ಚಿಕ್ಕ ಸಂತೋಷವನ್ನು ನಾನು ಆಧಾರವಿಲ್ಲದೆ ಕಸಿದುಕೊಂಡೆನೆಂಬುದಂತೂ ನಿಶ್ಚಯ.

ಮನೆಗೆ ಬಂದ ವಿದ್ಯಾರ್ಥಿಗೆ ಅಂದು ಇದನ್ನೆಲ್ಲ ಹೇಳಲು ಸಮಯವಿರಲಿಲ್ಲ. ಇಷ್ಟು ಮಾತ್ರ ಹೇಳಿದೆ: "ಅನ್ನ ಒಂದು ಹಿಡಿ ಕಡಿಮೆ ಉಂಡಿದ್ದರೆ ಅರ್ಧ ಹಣ್ಣು ತಿನ್ನು, ಎರಡು ಗಂಟೆ ಬಿಟ್ಟು ಸಕ್ಕರೆ ನೋಡಿಕೋ, ನಿನ್ನ ವೈದ್ಯರಿಗೂ ತೋರಿಸು." ಅವರು ಅರ್ಧ ಹಣ್ಣು ತಿಂದರು. ಉಳಿದರ್ಧವನ್ನು ನಾನು ತಿಂದೆ.

ನಿಮ್ಮ ಮನೆಗಳಲ್ಲಿಯೂ ಇಂಥ ನಿಷೇಧಗಳು ಇದ್ದರೆ, ಹಿರಿಯರ ತಟ್ಟೆಯಿಂದ ಏನನ್ನಾದರೂ ತೆಗೆಯುವ ಮೊದಲು ಆ ಮೂರು ಪ್ರಶ್ನೆಗಳನ್ನು ಕೇಳಿನೋಡಿ ಎಂದು ವಿನಂತಿ.

ಇತಿ ನಿಮ್ಮ,
ಮೇಷ್ಟ್ರು